ಆಯಾ ಬರಬೇಕಾದ ತಾರೀಖು

2019ರ ಜೂನ್ 17, ಸೋಮವಾರ. ಹೆರಿಗೆ ರಜೆ ಮುಗಿಸಿ ನಾನು ಕೆಲಸಕ್ಕೆ ಮರಳಬೇಕಿದ್ದ ದಿನ. ಈ ತಾರೀಖು ನನಗೆ ಆರು ತಿಂಗಳ ಮೊದಲೇ ಗೊತ್ತಿತ್ತು. 2017ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೆರಿಗೆ ರಜೆ ಕಾನೂನಿನ ತಿದ್ದುಪಡಿಯ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ ಸಿಗುತ್ತದೆ. ನಾನು ರಜೆ ಹಾಕಿದ್ದು 2018ರ ಡಿಸೆಂಬರ್ 17ಕ್ಕೆ. ಅಲ್ಲಿಂದ 182 ದಿನ ಎಣಿಸಿದರೆ ಜೂನ್ 16. ಲೆಕ್ಕ ಬಾಯಲ್ಲೇ ಇತ್ತು. ಆದರೂ ಮಗು ನೋಡಿಕೊಳ್ಳಲು ಆಯಾ ಬೇಕು ಅಂತ ನಾಲ್ಕು ಜನರ ಹತ್ತಿರ ಬಾಯಿಬಿಟ್ಟಿದ್ದು ಮೇ ತಿಂಗಳ ಕೊನೆಯ ವಾರದಲ್ಲಿ.

ಕಾರಣ ಬೇರೇನಲ್ಲ, ದುಡ್ಡು. ಮೂರು ತಿಂಗಳ ಬಾಣಂತನ ಮಾಡಿ ಅಮ್ಮ ಶಿವಮೊಗ್ಗಕ್ಕೆ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಮಗು. ನಾನೇ ಮನೆಯಲ್ಲಿರುವಾಗ ಇನ್ನೊಬ್ಬರಿಗೆ ಯಾಕೆ ಸಂಬಳ ಕೊಡಬೇಕು ಎಂದು ನಾನೂ ನನ್ನ ಗಂಡನೂ ಮಾತಾಡಿಕೊಂಡೆವು. ಆಗ ನಮ್ಮ ಸಿ.ವಿ. ರಾಮನ್ ನಗರದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಮಗು ನೋಡಿಕೊಳ್ಳಲು ನಮಗೆ ಹೇಳಿದ ಸಂಬಳ 12,000 ರೂಪಾಯಿ. ಕೆಲಸಕ್ಕೆ ಹೋಗುವ ಹಿಂದಿನ ವಾರ ಕರೆದರೆ ಸಾಕು, ಒಂದೂವರೆ ತಿಂಗಳ 18,000 ಉಳಿಯುತ್ತದೆ ಎಂದುಕೊಂಡೆವು.

ಆದರೆ ಮೇ ತಿಂಗಳಲ್ಲಿ ಈ ಭಾಗದಲ್ಲಿ ಆಯಾ ಸಿಗುವುದು ಬಲು ಕಷ್ಟ. ಬಾಗ್ಮನೆ ಟೆಕ್ ಪಾರ್ಕ್, ಡಿಆರ್‌ಡಿಒ ಕ್ವಾರ್ಟರ್ಸ್, ಕಗ್ಗದಾಸಪುರದ ಸಾಲು ಸಾಲು ಅಪಾರ್ಟ್‌ಮೆಂಟುಗಳು, ಎಲ್ಲ ಕಡೆಯೂ ಮನೆಗೆಲಸಕ್ಕೆ ಬರುವ ಹೆಂಗಸರು ನಾಗವಾರಪಾಳ್ಯ, ಮಲ್ಲೇಶಪಾಳ್ಯದಂಥ ಕಡೆಯ ಸಣ್ಣ ಮನೆಗಳಲ್ಲಿರುವವರು. ತಮಿಳುನಾಡು, ಆಂಧ್ರ, ಉತ್ತರ ಕರ್ನಾಟಕದ ಊರುಗಳಿಂದ ಬಂದವರು ಅವರಲ್ಲಿ ಬಹಳ. ಮಕ್ಕಳ ಶಾಲೆಗೆ ಬೇಸಿಗೆ ರಜೆ ಬಿಟ್ಟರೆ ಊರಿಗೆ ಹೊರಡುತ್ತಾರೆ. ಆ ವರ್ಷ ಏಪ್ರಿಲ್ 6ಕ್ಕೆ ಯುಗಾದಿ, ಕರ್ನಾಟಕದಲ್ಲಿ 18 ಮತ್ತು 23ಕ್ಕೆ ಲೋಕಸಭೆಯ ಮತದಾನ. ಹಬ್ಬಕ್ಕೆ ಹೋದವರು ಓಟು ಹಾಕಿ, ಜಾತ್ರೆ ಮುಗಿಸಿ, ಅಲ್ಲೇ ಉಳಿದಿದ್ದರು. ನಮ್ಮ ಕಟ್ಟಡದ ವಾಚ್‌ಮನ್ ಹೇಳಿದ್ದು ಇಷ್ಟೇ: "ಎಲ್ಲಾ ಊರಿಗೆ ಹೋಗವ್ರೆ ಮೇಡಂ, ಇಸ್ಕೂಲು ಶುರುವಾದ್ಮೇಲೆ ಬತ್ತಾರೆ."

ಗಾಬರಿಯಲ್ಲಿ ಒಂದು ಏಜೆನ್ಸಿಗೆ ಫೋನ್ ಮಾಡಿದೆವು. ಕಮಿಷನ್ 15,000, ಮೊದಲೇ ಕಟ್ಟಬೇಕು. ಬಂದವರು ಬಿಟ್ಟುಹೋದರೆ ಬೇರೆಯವರನ್ನು ಕಳಿಸುತ್ತೇವೆ ಎಂದರು. ಜೂನ್ 12ಕ್ಕೆ ಮೊದಲನೆಯವರು ಬಂದರು. ಎಂಟು ಗಂಟೆ ಕೆಲಸ ಎಂದು ಅವರಿಗೆ ಹೇಳಿ ಕಳಿಸಿದ್ದರು. ನನ್ನ ಕೆಲಸ, ಓಡಾಟ ಎಲ್ಲ ಸೇರಿದರೆ ಹತ್ತೂವರೆ ಗಂಟೆ. ಒಂಬತ್ತನೆಯ ದಿನ ಅವರು ಬಿಟ್ಟರು. ಅವರ ತಪ್ಪೇನೂ ಇರಲಿಲ್ಲ. ಎರಡನೆಯವರ ಮನೆ ಕಗ್ಗದಾಸಪುರದ ರೈಲ್ವೆ ಗೇಟಿನ ಆಚೆ. ಬೆಳಗಿನ ಹೊತ್ತು ಆ ಗೇಟು ಹಾಕಿದರೆ ಎರಡೂ ಕಡೆ ಗಾಡಿಗಳು ಎಷ್ಟು ದೂರ ನಿಲ್ಲುತ್ತಿದ್ದವು ಎಂಬುದು ಇಲ್ಲಿಯವರಿಗೆಲ್ಲ ಗೊತ್ತು. ಅವರು ಒಂಬತ್ತೂವರೆ ದಾಟಿ ಬರುತ್ತಿದ್ದರು, ನಾನು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದೆ. ಎರಡು ವಾರಕ್ಕೆ ಅವರೂ ಹೋದರು. ಅಷ್ಟರಲ್ಲಿ ಮಗು ಹೊಸ ಮುಖ ಕಂಡರೆ ಕಿರುಚುವ ಹಾಗಾಗಿತ್ತು.

ಜುಲೈ ಮೂರನೆಯ ವಾರದ ಹೊತ್ತಿಗೆ ನಾನು ಹಾಕಿದ್ದ ಸಂಬಳವಿಲ್ಲದ ರಜೆ ಹನ್ನೊಂದು ದಿನ. ತಿಂಗಳಿಗೆ 75,000 ಸಂಬಳ ಎಂದರೆ ದಿನಕ್ಕೆ 2,500, ಒಟ್ಟು 27,500. ಅದಕ್ಕೆ ಏಜೆನ್ಸಿಯ 15,000 ಸೇರಿಸಿ. 18,000 ಉಳಿಸಲು ಹೋಗಿ 42,500 ಕಳೆದುಕೊಂಡೆವು. ಪಟ್ಟ ಪಾಡನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಹೀಗಾಗಿ ಯಾರಾದರೂ "ಆಯಾಗೆ ಎಷ್ಟು ಕೊಡಬೇಕು?" ಎಂದು ಕೇಳಿದರೆ ನಾನು ಮೊದಲು ಕೇಳುವುದು "ನೀನು ಕೆಲಸಕ್ಕೆ ಹೋಗುವುದು ಯಾವತ್ತು?" ಎಂದು. ಆ ದಿನದಿಂದ ಹಿಂದಕ್ಕೆ ಎಣಿಸಬೇಕು. ಆರು ವಾರ ಹಿಂದೆ ಆಯಾ ಮನೆಗೆ ಬಂದಿರಬೇಕು, ಪೂರ್ತಿ ಸಂಬಳಕ್ಕೆ. ಅದಕ್ಕೂ ಆರೆಂಟು ವಾರ ಹಿಂದೆ ಹುಡುಕಾಟ ಶುರುವಾಗಬೇಕು. ಆ ಎಣಿಕೆ ಏಪ್ರಿಲ್–ಮೇ ಮೇಲೆ ಬಿದ್ದರೆ ಫೆಬ್ರವರಿ–ಮಾರ್ಚ್‌ನಲ್ಲೇ ಮಾತು ಮುಗಿಸಿ, ಊರಿಗೆ ಹೋಗಿ ಬರುವ ದಿನವನ್ನೂ ಗೊತ್ತು ಮಾಡಿಕೊಳ್ಳಬೇಕು. ಜೂನ್ ಮೊದಲ ವಾರದಲ್ಲಿ ಶಾಲೆಯ ಫೀಸು, ಪುಸ್ತಕ, ಯೂನಿಫಾರ್ಮ್‌ಗೆ ಅವರಿಗೆ ಹಣ ಬೇಕಾಗುತ್ತದೆ. ಕೆಲಸ ಹುಡುಕಿಕೊಂಡು ಅವರೇ ಬರುವ ಕಾಲವೂ ಅದೇ. ಆಗ ಸ್ವಲ್ಪ ಮುಂಗಡ ಕೊಟ್ಟು, ತಿಂಗಳು ತಿಂಗಳು ಇಷ್ಟಿಷ್ಟು ಹಿಡಿಯುತ್ತೇವೆ ಎಂದು ಬರೆದಿಟ್ಟುಕೊಂಡರೆ ಇಬ್ಬರಿಗೂ ಅನುಕೂಲ.

ಆ ಆರು ವಾರದ ಸಂಬಳವನ್ನು ದಂಡ ಎಂದುಕೊಳ್ಳುವವರೇ ಹೆಚ್ಚು, ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಈ ವ್ಯವಹಾರದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಸಿಗುವುದು ಆ ಆರು ವಾರದಲ್ಲೇ. ಹಿಂಡಿಟ್ಟ ಎದೆಹಾಲನ್ನು ಹೊರಗೆ ನಾಲ್ಕು ಗಂಟೆಗಿಂತ ಹೆಚ್ಚು ಇಡಬಾರದು, ಫ್ರಿಜ್ಜಿನಿಂದ ತೆಗೆದದ್ದನ್ನು ಒಲೆಯ ಮೇಲಿಟ್ಟು ಕುದಿಸಬಾರದು, ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಬೇಕು ಎಂಬುದನ್ನು ಬಾಯಲ್ಲಿ ಹೇಳಿದರೆ ಸಾಲದು, ಪಕ್ಕದಲ್ಲಿ ನಿಂತು ಹತ್ತು ಸಲ ಮಾಡಬೇಕು. ಮಗುವಿಗೆ ಅಪರಿಚಿತರ ಭಯ ಸಾಮಾನ್ಯವಾಗಿ ಆರು ತಿಂಗಳು ದಾಟಿದ ಮೇಲೆ ಹೆಚ್ಚಾಗುತ್ತದೆ. ಅದಕ್ಕೆ ಮೊದಲೇ ಆ ಮುಖ, ಆ ದನಿ ಮನೆಯದಾಗಿದ್ದರೆ ಅರ್ಧ ಅಳು ತಪ್ಪುತ್ತದೆ. ಇನ್ನೊಂದು ಮಾತು: ಆ ಆರು ವಾರ ಅವರೂ ನಮ್ಮನ್ನು ನೋಡುತ್ತಿರುತ್ತಾರೆ. ಬಿಡುವುದಾದರೆ ಆಗಲೇ ಬಿಡಲಿ, ನಾನು ಮನೆಯಲ್ಲಿರುವಾಗ.

ಕಾನೂನಿನಲ್ಲಿ ನಮ್ಮ ಕೈಗೆ ಸಿಗುವುದನ್ನು ಬಿಡಬಾರದು. 50 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಲು ಬಿಡಬೇಕು. ಕೆಲಸದ ಸ್ವರೂಪಕ್ಕೆ ಹೊಂದುವುದಾದರೆ ರಜೆಯ ನಂತರ ಮನೆಯಿಂದ ಕೆಲಸ ಮಾಡುವ ಏರ್ಪಾಡನ್ನು ತಾಯಿಯೂ ಸಂಸ್ಥೆಯೂ ಮಾತಾಡಿ ಮಾಡಿಕೊಳ್ಳಬಹುದು. ಇವನ್ನೆಲ್ಲ ಕೆಲಸಕ್ಕೆ ಸೇರುವಾಗಲೇ ಸಂಸ್ಥೆ ಬರಹದಲ್ಲಿ ತಿಳಿಸಬೇಕು ಎಂದೂ ಕಾನೂನಿದೆ. ಮೊದಲ ತಿಂಗಳು ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಮಾಡುತ್ತೇನೆ ಎಂದು ನಾನು ರಜೆಯಲ್ಲಿದ್ದಾಗಲೇ ಕೇಳಿದ್ದರೆ ಆಗುತ್ತಿತ್ತೇನೋ. ಕೇಳಲಿಲ್ಲ. ನಮ್ಮ ಬೀದಿಯಲ್ಲೇ ಇರುವ, ಡಿಆರ್‌ಡಿಒದಲ್ಲಿ ಕೆಲಸ ಮಾಡುವ ಗೆಳತಿಯ ಲೆಕ್ಕ ಬೇರೆ. ಕೇಂದ್ರ ಸರ್ಕಾರಿ ನೌಕರರಿಗೆ 180 ದಿನ ಹೆರಿಗೆ ರಜೆಯ ಜೊತೆಗೆ, ಇಡೀ ಸೇವಾವಧಿಯಲ್ಲಿ 730 ದಿನದ ಮಕ್ಕಳ ಆರೈಕೆ ರಜೆಯುಂಟು. ಅವಳು ಅದರಲ್ಲಿ ಎರಡು ತಿಂಗಳು ತೆಗೆದು, ಬೇಸಿಗೆ ಕಳೆದು ಆಯಾ ಬಂದು ಒಗ್ಗಿದ ಮೇಲೆಯೇ ಕೆಲಸಕ್ಕೆ ಹೋದಳು.

ಸಂಬಳದ ಬಗ್ಗೆ ಎರಡು ಮಾತು. ಆಯಾಗೆ ಕೊಡುವ ಹಣಕ್ಕೆ ಆದಾಯ ತೆರಿಗೆಯಲ್ಲಿ ಯಾವ ವಿನಾಯಿತಿಯೂ ಇಲ್ಲ. ನಾನಿದ್ದ ಶೇ 20ರ ತೆರಿಗೆ, ಅದರ ಮೇಲಿನ ಸೆಸ್ ಸೇರಿದರೆ 12,000 ಕೊಡಲು ಸುಮಾರು 15,150 ದುಡಿಯಬೇಕಿತ್ತು. ಡೇ ಕೇರ್ ಜೊತೆ ಹೋಲಿಸುವಾಗ ಈ ಅಂಕಿಯನ್ನು ಮುಂದಿಟ್ಟುಕೊಳ್ಳಿ. ಅಲ್ಲಿನ ಫೀಸಿಗೂ ಇದೇ ಮಾತು. ಆದರೆ ಈ ಖರ್ಚನ್ನು ತಾಯಿಯ ಸಂಬಳದಿಂದ ಮಾತ್ರ ಕಳೆದು "ಉಳಿಯುವುದೇ ಇಷ್ಟು, ಯಾಕೆ ಕೆಲಸಕ್ಕೆ ಹೋಗಬೇಕು?" ಎನ್ನುವ ಲೆಕ್ಕ ನನಗೆ ಸಂಕಟ ಕೊಡುತ್ತದೆ. ಮಗು ಇಬ್ಬರದು, ಖರ್ಚೂ ಇಬ್ಬರದು. ಜೊತೆಗೆ ಈ ಖರ್ಚು ಎರಡು ಮೂರು ವರ್ಷದ್ದು. ಬಿಟ್ಟ ಕೆಲಸ, ನಿಂತ ಪಿಎಫ್ ಅದಕ್ಕಿಂತ ಬಹಳ ಕಾಲ ಕಾಡುತ್ತವೆ.

ಜುಲೈ ಕೊನೆಗೆ ನಮಗೆ ಸಿಕ್ಕವರು ಕೆಳಗಿನ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದವರ ನಾದಿನಿ. ನಾವು ಅವರನ್ನು ಅಕ್ಕ ಎಂದೇ ಕರೆದೆವು. ನಾಗವಾರಪಾಳ್ಯದಿಂದ ನಡೆದೇ ಬರುತ್ತಿದ್ದರು, ಗೇಟಿನ ಗೊಡವೆ ಇರಲಿಲ್ಲ. ಮೊದಲ ದಿನ ಸಂಬಳಕ್ಕಿಂತ ಮೊದಲು ಅವರು ಕೇಳಿದ್ದು: "ನೀವು ಸಾಯಂಕಾಲ ಎಷ್ಟು ಗಂಟೆಗೆ ಬರ್ತೀರ ಮೇಡಂ? ನನ್ ಮಗಳು ಇಸ್ಕೂಲಿಂದ ನಾಲ್ಕಕ್ಕೆ ಬರ್ತಾಳೆ, ಅವಳ ಚಿಕ್ಕಮ್ಮ ಆರೂವರೆ ತನಕ ನೋಡ್ಕೊತಾಳೆ." ನನ್ನ ಮಗುವಿನ ಹಿಂದೆ ಇನ್ನೊಂದು ಮಗು ಕಾಯುತ್ತಿದೆ ಎಂಬುದು ಅವತ್ತಿನವರೆಗೆ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಆರಕ್ಕೆ ಮನೆ ಮುಟ್ಟುವ ಹಾಗೆ ನನ್ನ ಹೊತ್ತು ಬದಲಿಸಿಕೊಂಡೆ. ತಡವಾದ ದಿನ ಗಂಟೆಗಿಷ್ಟು ಎಂದು ಹೆಚ್ಚುವರಿ ಕೊಟ್ಟೆವು. ವಾರಕ್ಕೊಂದು ರಜೆ, ಹಬ್ಬಕ್ಕೆ ಒಂದು ತಿಂಗಳ ಸಂಬಳ ಬೋನಸ್. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲೇ ಗೊತ್ತುಪಡಿಸಿತ್ತು, ಅದರ ಆದೇಶ ನೋಡದೆ ಬೀದಿಯ ರೇಟು ಕೇಳಿ ಸಂಬಳ ಕಟ್ಟುವವರೇ ಈಗಲೂ ಹೆಚ್ಚು. ಸಂಬಳದ ಜೊತೆ ವಿಮೆ, ಪಿಂಚಣಿಯೂ ಬೇಕು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮತ್ತು ಜೀವನ ಜ್ಯೋತಿ ಬಿಮಾ ಎರಡಕ್ಕೂ ಸೇರಿ ಈಗ ವರ್ಷಕ್ಕೆ 456 ರೂಪಾಯಿ, ಒಂದೊಂದರಲ್ಲಿ 2 ಲಕ್ಷದ ರಕ್ಷಣೆ. 40 ವರ್ಷದೊಳಗಿನವರಾದರೆ ಶ್ರಮಯೋಗಿ ಮಾನ್‌ಧನ್‌ಗೆ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಬೇಕು, ಅಷ್ಟನ್ನೇ ಸರ್ಕಾರವೂ ಹಾಕುತ್ತದೆ, 60ರ ನಂತರ ತಿಂಗಳಿಗೆ 3,000 ಪಿಂಚಣಿ. ಇವನ್ನು ಕೆಲಸ ಕೊಟ್ಟ ಮನೆಯವರೇ ಕಟ್ಟಿಬಿಡಬೇಕು ಎಂಬುದು ನನ್ನ ಅಭಿಪ್ರಾಯ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಆಯಾ ಸಂಬಳಕ್ಕೆಂದೇ ಮೂರು ತಿಂಗಳ ಹಣ ಬೇರೆ ಖಾತೆಯಲ್ಲಿ ಇಟ್ಟಿದ್ದೆವು, ಜುಲೈನ ಪಾಠ ಕಲಿತ ಮೇಲೆ. ಅಕ್ಕ ಬರಲಾಗದ ತಿಂಗಳುಗಳಲ್ಲೂ ಅವರ ಸಂಬಳ ಒಂದನೇ ತಾರೀಖಿಗೆ ಹೋಯಿತು. ಬಾಗಿಲು ತೆರೆದ ಮೇಲೆ ಅವರು ಬಂದರು. ಮಗು ಅವರ ಸೆರಗು ಹಿಡಿದು ಇಡೀ ದಿನ ಬಿಡಲಿಲ್ಲ.

ಬರುವ ತಾರೀಖಿನಷ್ಟೇ ಬಿಡಿಸುವ ತಾರೀಖೂ ಮುಖ್ಯ ಎಂಬುದು ನನಗೆ ಹೊಳೆದದ್ದು ಕೊನೆಯಲ್ಲಿ. 2022ರ ಜೂನ್‌ಗೆ ಮಗಳನ್ನು ನರ್ಸರಿಗೆ ಸೇರಿಸುವುದು ಜನವರಿಯಲ್ಲೇ ನಿಶ್ಚಯವಾಗಿತ್ತು. ಅಕ್ಕನಿಗೆ ಕೊನೆಯ ವಾರ ಹೇಳಿದರಾಯಿತು ಎಂದರು ನಮ್ಮ ಅತ್ತೆ. ಮೊದಲೇ ಹೇಳಿದರೆ ನಡುವೆ ಬಿಟ್ಟುಹೋಗುತ್ತಾರೆ ಎಂಬ ಭಯ ಅವರಿಗೆ. ನಾನು ಫೆಬ್ರವರಿಯಲ್ಲೇ ಕೂರಿಸಿ ಹೇಳಿದೆ. ಮೇ 31ಕ್ಕೆ ಕೆಲಸ ಮುಗಿಯುತ್ತದೆ, ಅದರ ಮೇಲೆ ಒಂದು ತಿಂಗಳ ಸಂಬಳ ಕೊಡುತ್ತೇವೆ ಎಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ್ಲೇ ಹೇಳಿದ್ದು ಒಳ್ಳೇದಾಯ್ತು ಮೇಡಂ" ಎಂದರು. ನಡುವೆ ಬಿಡಲಿಲ್ಲ. ಜೂನ್ ಮೊದಲ ವಾರ ಜೀವನ್ ಬಿಮಾ ನಗರದ ಒಂದು ಮನೆಗೆ ಸೇರಿದರು. ಅಲ್ಲಿಯ ತಾಯಿಗೆ ನಾನೇ ಫೋನಿನಲ್ಲಿ ಮಾತಾಡಿದ್ದೆ. ಅವರ ಹೆರಿಗೆ ರಜೆ ಮುಗಿಯಲು ಇನ್ನೂ ಆರು ವಾರವಿತ್ತು.