ಬೇಗ ಎಬ್ಬಿಸು, ಬಲವಂತ ಮಾಡಬೇಡ

ನೋಡಮ್ಮಾ, ಬರುವ ತಿಂಗಳಿಂದ ನಿನಗೆ ಐಸಿಯು ಡ್ಯೂಟಿ ಎಂದು ಕೇಳಿ ನನಗೆ ಸಂತೋಷವಾಯಿತು. ಒಪಿಡಿಯಲ್ಲಿ ಮಂಡಿನೋವು, ಸೊಂಟನೋವಿಗೆ ಫಿಸಿಯೋ ಮಾಡಿಕೊಂಡಿದ್ದ ನಿನಗೆ ಅಲ್ಲಿ ಮೊದಮೊದಲು ಗಾಬರಿಯಾಗುತ್ತದೆ. ಬಾಯಲ್ಲಿ ಟ್ಯೂಬು, ಕುತ್ತಿಗೆಯಲ್ಲಿ ಲೈನು, ಪಕ್ಕದಲ್ಲಿ ಸಾಲಾಗಿ ಪಂಪುಗಳು, ಗಳಿಗೆಗೊಮ್ಮೆ ಕೂಗುವ ಮಾನಿಟರು. ಈ ರೋಗಿಯನ್ನು ಎಲ್ಲಿ ಮುಟ್ಟುವುದು ಅನ್ನಿಸುತ್ತದೆ. ಮನೆಯವರೂ ಕೈಮುಗಿಯುತ್ತಾರೆ: "ಪಾಪ, ಸುಸ್ತಾಗಿದ್ದಾರೆ ಮೇಡಂ, ಅಲುಗಾಡಿಸಬೇಡಿ, ರೆಸ್ಟ್ ತಗೊಳ್ಲಿ." ಪ್ರೀತಿಯಿಂದ ಬಂದ ಮಾತು ಅದು. ಆದರೂ ನೀನು ಅದಕ್ಕೆ ತಲೆಯಾಡಿಸಬಾರದು.

ಯಾಕೆಂದು ಹೇಳುತ್ತೇನೆ. ಲಂಡನ್ನಿನ ವೈದ್ಯರು ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡಿನಲ್ಲಿ ಮತ್ತೆ ಮತ್ತೆ ಅಳೆದು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತೇ ದಿನದಲ್ಲಿ ಆ ಸ್ನಾಯು ಸರಾಸರಿ ಶೇಕಡಾ 18ರಷ್ಟು ಕರಗಿತ್ತು. ಒಂದಕ್ಕಿಂತ ಹೆಚ್ಚು ಅಂಗಗಳು ಸೋತವರಲ್ಲಿ ಇನ್ನೂ ಜೋರಾಗಿ. ಬರೀ ಮಲಗಿದ್ದರಿಂದ ಆದದ್ದಲ್ಲ ಇದು; ಸೋಂಕಿನ ಉರಿ, ಊಟ ಸೇರದಿರುವುದು, ಔಷಧಗಳು ಎಲ್ಲ ಸೇರಿ ಮಾಂಸವನ್ನು ತಿನ್ನುತ್ತವೆ. ಆದರೆ ಇವುಗಳಲ್ಲಿ ನಿನ್ನ ಕೈಗೆ ಸಿಗುವುದು ಮಲಗಿರುವುದೊಂದೇ.

ಟೊರಾಂಟೊದ ಮಾರ್ಗರೆಟ್ ಹೆರಿಜ್ ಮತ್ತು ಅವರ ಸಂಗಡಿಗರ ಕೆಲಸವನ್ನು ನೀನು ಓದಲೇಬೇಕು. ಶ್ವಾಸಕೋಶ ತೀವ್ರವಾಗಿ ಕೆಟ್ಟು, ವೆಂಟಿಲೇಟರ್ ಮೇಲಿದ್ದು, ಬದುಕಿ ಮನೆಗೆ ಹೋದವರನ್ನು ಅವರು ಐದು ವರ್ಷ ಹಿಂಬಾಲಿಸಿದರು. ಹೆಚ್ಚಿನವರು ನಲವತ್ತರ ಆಸುಪಾಸಿನವರು, ದುಡಿಯುವ ವಯಸ್ಸು. ಒಂದು ವರ್ಷ ಕಳೆದರೂ ಅರ್ಧದಷ್ಟು ಜನ ಮಾತ್ರ ಕೆಲಸಕ್ಕೆ ಮರಳಿದ್ದರು. ಐದು ವರ್ಷದ ಹೊತ್ತಿಗೆ ಶ್ವಾಸಕೋಶ ಹೆಚ್ಚುಕಡಿಮೆ ಸರಿಹೋಗಿತ್ತು, ಆದರೆ ಆರು ನಿಮಿಷದಲ್ಲಿ ನಡೆಯುವ ದೂರ ಆ ವಯಸ್ಸಿನವರು ನಡೆಯಬೇಕಾದುದರ ಮುಕ್ಕಾಲು ಪಾಲಿಗೇ ನಿಂತಿತ್ತು. ಉಸಿರು ಉಳಿಯಿತು, ಕಾಲು ಉಳಿಯಲಿಲ್ಲ. ರೌಂಡ್ಸಿನಲ್ಲಿ ಎಲ್ಲರೂ ರಕ್ತದ ರಿಪೋರ್ಟು ನೋಡುತ್ತಿರುವಾಗ ಆ ಕಾಲನ್ನು ನೆನೆಯುವ ಒಬ್ಬರು ಅಲ್ಲಿರಬೇಕು. ಆ ಒಬ್ಬಳು ನೀನು.

ಹಾಗಂತ ಹೋದವಳೇ ಕೈಕಾಲು ಮಡಚಿ ಬಿಡಿಸಲು ಶುರುಮಾಡಬೇಡ. ಮೊದಲ ಪ್ರಶ್ನೆ: ರೋಗಿ ಎಚ್ಚರವಾಗಿದ್ದಾರೋ? ಗಾಢ ನಿದ್ದೆಯ ಔಷಧ ಹರಿಯುತ್ತಿರುವಾಗ ನೀನು ಕಾಲನ್ನು ಎಷ್ಟು ಆಡಿಸಿದರೂ ಅದು ನಿನ್ನ ವ್ಯಾಯಾಮ, ಅವರದಲ್ಲ. ಕೀಲು ಬಿಗಿಯದಂತೆ ಅಷ್ಟು ಮಾಡು, ತಪ್ಪಿಲ್ಲ. ಆದರೆ ಸ್ನಾಯು ಉಳಿಯಬೇಕಾದರೆ ಅವರೇ ಎಳೆಯಬೇಕು, ಅವರೇ ಒದೆಯಬೇಕು. ಷಿಕಾಗೊದಲ್ಲಿ 2000ದಲ್ಲೇ ತೋರಿಸಿದರು: ನಿದ್ದೆಯ ಔಷಧವನ್ನು ದಿನಕ್ಕೊಮ್ಮೆ ನಿಲ್ಲಿಸಿ ರೋಗಿಯನ್ನು ಎಚ್ಚರಗೊಳಿಸಿದರೆ ವೆಂಟಿಲೇಟರಿನ ದಿನಗಳೇ ಕಡಿಮೆಯಾಗುತ್ತವೆ. ಅದೇ ಬಳಗದವರು 2009ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ವೆಂಟಿಲೇಟರ್ ಮೇಲಿದ್ದ 104 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ, ಆ ಎಚ್ಚರದ ಹೊತ್ತಿನಲ್ಲೇ, ಟ್ಯೂಬು ಹಾಕಿ ಸುಮಾರು ಒಂದೂವರೆ ದಿನಕ್ಕೇ ಫಿಸಿಯೋ ಶುರು. ಉಳಿದವರಿಗೆ ಎಂದಿನಂತೆ, ಅಂದರೆ ಸುಮಾರು ವಾರ ಕಳೆದ ಮೇಲೆ. ಆಸ್ಪತ್ರೆ ಬಿಡುವಾಗ ಸ್ನಾನ, ಬಟ್ಟೆ, ನಡಿಗೆ ಎಲ್ಲವನ್ನೂ ತಾವೇ ಮಾಡಿಕೊಳ್ಳುವಂತಾದವರು ಮೊದಲ ಗುಂಪಿನಲ್ಲಿ ಶೇಕಡಾ 59, ಎರಡನೆಯದರಲ್ಲಿ 35. ಸನ್ನಿ ಹಿಡಿದಿದ್ದ ದಿನಗಳೂ ನಾಲ್ಕರಿಂದ ಎರಡಕ್ಕೆ ಇಳಿದವು. ಆದ್ದರಿಂದ ಬೆಳಿಗ್ಗೆ ಹೋದ ಕೂಡಲೇ ಡ್ಯೂಟಿ ಡಾಕ್ಟರನ್ನೂ ಸಿಸ್ಟರನ್ನೂ ಕೇಳು, "ಇವತ್ತು ಈ ಬೆಡ್ಡಿನವರ ಸೆಡೇಶನ್ ಎಷ್ಟು ಹೊತ್ತಿಗೆ ನಿಲ್ಲಿಸ್ತೀರಿ?" ನಿನ್ನ ಹೊತ್ತನ್ನು ಅದಕ್ಕೆ ಹೊಂದಿಸಿಕೋ.

ಸಿಸ್ಟರ್ ಮಾತು ಬಂತಲ್ಲ, ಇದನ್ನೂ ಕೇಳು. ವೆಂಟಿಲೇಟರ್ ಮೇಲಿದ್ದವರನ್ನೂ ನಡೆಸಬಹುದು, ಅದು ಅಪಾಯವಲ್ಲ ಎಂದು 2007ರಲ್ಲಿ ಲೆಕ್ಕ ಸಮೇತ ತೋರಿಸಿದ ತಂಡದ ಮುಂದಾಳು ಪಾಲಿ ಬೇಯ್ಲಿ, ಸಾಲ್ಟ್ ಲೇಕ್ ಸಿಟಿಯ ಒಬ್ಬ ನರ್ಸ್. ಕೂರಿಸಿದ್ದು, ಕುರ್ಚಿಗೆ ಬದಲಿಸಿದ್ದು, ನಡೆಸಿದ್ದು ಎಲ್ಲ ಸೇರಿ 1,449 ಸಲ. ತೊಂದರೆಯಾದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ನಮ್ಮಲ್ಲಿ ಒಬ್ಬ ಸಿಸ್ಟರ್ ಎಷ್ಟು ಬೆಡ್ ನೋಡಿಕೊಳ್ಳುತ್ತಾಳೆ ಎಂಬುದು ನಿನಗೆ ಗೊತ್ತು. ಅವಳಿಗೆ ಹೇಳದೆ ರೋಗಿಯನ್ನು ಕೂರಿಸಿ, ಲೈನು ಎಳೆದುಕೊಂಡಿತೆಂದರೆ ಆ ಬೆಡ್ಡಿನ ಹತ್ತಿರ ನಿನ್ನನ್ನು ಮತ್ತೆ ಬಿಡುವುದಿಲ್ಲ, ಬಿಡಬಾರದು ಕೂಡ. ಸ್ಪಂಜ್ ಮಾಡುವ ಹೊತ್ತು, ಹಾಸಿಗೆ ಬದಲಿಸುವ ಹೊತ್ತು ನೋಡಿ ಹೋಗು. ಅವಳಿಗೂ ಒಂದು ಕೈ ಸಿಕ್ಕಂತಾಗುತ್ತದೆ. ಟ್ಯೂಬನ್ನು ಹಿಡಿಯುವವರು ಯಾರು, ಬಿದ್ದರೆ ತಡೆಯುವವರು ಯಾರು ಎಂದು ಎಬ್ಬಿಸುವ ಮುಂಚೆಯೇ ಬಾಯಿಬಿಟ್ಟು ಹೇಳಿಕೊಳ್ಳಿ.

ಇನ್ನು ನಿನ್ನಂಥ ಉತ್ಸಾಹಿಗಳಿಗೆ ಮುಖ್ಯವಾಗಿ ಹೇಳಬೇಕಾದ್ದು. ಬೇಗ ಶುರುಮಾಡುವುದು ಒಳ್ಳೆಯದಾದರೆ ಹೆಚ್ಚೆಚ್ಚು ಮಾಡುವುದು ಇನ್ನೂ ಒಳ್ಳೆಯದಲ್ಲವೇ ಎಂದು ನಿನಗೆ ಅನ್ನಿಸುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೊದಲಾದ ಆರು ದೇಶಗಳಲ್ಲಿ 750 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ 'ಟೀಮ್' ಅಧ್ಯಯನ ಅದನ್ನೇ ಪರೀಕ್ಷಿಸಿತು. ಒಂದು ಗುಂಪಿಗೆ ದಿನಕ್ಕೆ ಸರಾಸರಿ 21 ನಿಮಿಷ, ಇನ್ನೊಂದಕ್ಕೆ 9 ನಿಮಿಷ. ಆರು ತಿಂಗಳಲ್ಲಿ ಆಸ್ಪತ್ರೆಯ ಹೊರಗೆ ಬದುಕಿದ್ದ ದಿನಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಎದೆಬಡಿತ ತಪ್ಪುವುದು, ಬಿಪಿ ಏರಿಳಿಯುವುದು, ಆಮ್ಲಜನಕ ಕುಸಿಯುವುದು ಮಾತ್ರ ಹೆಚ್ಚು ದುಡಿಸಿದ ಗುಂಪಿನಲ್ಲಿ ಎರಡು ಪಟ್ಟು. ಇದನ್ನು ಓದಿ "ಎಬ್ಬಿಸುವುದರಿಂದ ಲಾಭವಿಲ್ಲ" ಎಂದು ಕೈಚೆಲ್ಲುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅಲ್ಲಿ ಕಡಿಮೆ ಸಿಕ್ಕ ಗುಂಪಿಗೂ ಫಿಸಿಯೋ ಸಿಗುತ್ತಿತ್ತು. ಎಬ್ಬಿಸಿದವರನ್ನೂ ಎಬ್ಬಿಸದವರನ್ನೂ ಅವರು ಹೋಲಿಸಲಿಲ್ಲ. ಸಾಕಷ್ಟು ಎಬ್ಬಿಸಿದವರನ್ನೂ ಹಟ ಹಿಡಿದು ಎಬ್ಬಿಸಿದವರನ್ನೂ ಹೋಲಿಸಿದರು. ಗೆಯ್ದು ಸುಸ್ತಾದ ಎತ್ತಿಗೆ ಇನ್ನೊಂದು ಸಾಲು ಹೊಡೆಸಿದರೆ ಹೊಲಕ್ಕೆ ಲಾಭವಿಲ್ಲ, ಎತ್ತಿಗೆ ನಷ್ಟ.

ಆದ್ದರಿಂದ ಅಳತೆ ರೋಗಿಯ ಮುಖದಲ್ಲಿದೆ. ಶುರುಮಾಡುವ ಮುಂಚೆ ಸ್ಯಾಚುರೇಶನ್ 90ರ ಮೇಲಿದೆಯೇ, ಆಮ್ಲಜನಕ ಶೇಕಡಾ 60ರ ಒಳಗಿದೆಯೇ, ಉಸಿರು ನಿಮಿಷಕ್ಕೆ 30 ದಾಟಿಲ್ಲವೇ, ಬಿಪಿ ಔಷಧದ ಡೋಸು ಏರುತ್ತಿಲ್ಲವೇ ನೋಡು. ರಕ್ತಸ್ರಾವ, ತಲೆಯೊಳಗಿನ ಒತ್ತಡ, ಭದ್ರವಾಗದ ಬೆನ್ನುಮೂಳೆ ಇದ್ದರೆ ಕೇಳದೆ ಕೈಹಾಕಬೇಡ. ಕೂರಿಸಿದ ಮೇಲೆ ಮಾನಿಟರಿಗಿಂತ ಮೊದಲು ತುಟಿ, ಹಣೆಯ ಬೆವರು, ಕಣ್ಣು ನೋಡು. ಅವರು ಕೈ ಅಲ್ಲಾಡಿಸಿ ಸಾಕು ಅಂದರೆ ಸಾಕು. ನಿನ್ನೆ ಹತ್ತು ಹೆಜ್ಜೆ ಇಟ್ಟವರು ಇವತ್ತು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತದ್ದಷ್ಟೇ ಆದರೂ ಕೇಸ್ ಶೀಟಿನಲ್ಲಿ ಹಾಗೇ ಬರೆ, ನಾಚಬೇಡ.

ಗುರಿಯನ್ನೂ ಪುಸ್ತಕದಿಂದ ಎತ್ತಬೇಡ. ಪುಸ್ತಕದಲ್ಲಿ ಕುರ್ಚಿಯಿಂದ ಏಳುವುದಿದೆ. ನಮ್ಮ ಜನರಲ್ಲಿ ಎಷ್ಟೋ ಮಂದಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವವರು, ಕುಕ್ಕರಗಾಲಿನಲ್ಲಿ ಕೂತು ಬಹಿರ್ದೆಸೆಗೆ ಹೋಗುವವರು, ಕೆಎಸ್‌ಆರ್‌ಟಿಸಿ ಬಸ್ಸಿನ ಎತ್ತರದ ಮೆಟ್ಟಿಲು ಹತ್ತಬೇಕಾದವರು. "ಮನೆಯಲ್ಲಿ ಕಕ್ಕಸು ಎಂಥದು? ಮಲಗುವುದು ಮಂಚದ ಮೇಲೋ ಚಾಪೆಯ ಮೇಲೋ?" ಎಂದು ಮನೆಯವರನ್ನು ಮೊದಲ ವಾರದಲ್ಲೇ ಕೇಳಿಟ್ಟುಕೋ. ಹಾಗೆ ಕೇಳಿದಾಗ ಅವರಿಗೂ, ನಮ್ಮವರು ಮನೆಗೆ ಬರುತ್ತಾರೆಂದು ಇಲ್ಲೊಬ್ಬರು ಲೆಕ್ಕ ಹಾಕುತ್ತಿದ್ದಾರೆ ಎಂಬ ಧೈರ್ಯ ಬರುತ್ತದೆ.

ಮನೆಯವರನ್ನು ಹೊರಗಿನ ಬೆಂಚಿನಲ್ಲೇ ಕೂರಿಸಿಡಬೇಡ. ಒಳಗೆ ಬಿಡುವ ಹೊತ್ತಿನಲ್ಲಿ ಮಗನಿಗೋ ಸೊಸೆಗೋ ಪಾದ ಒತ್ತಿಹಿಡಿದು "ತಳ್ಳಿ ಅಪ್ಪಾ" ಎನ್ನಲು ಹೇಳಿಕೊಡು. ಕನ್ನಡಕ, ಕಿವಿಯ ಮೆಷಿನ್ನು ಬೀರುವಿನಲ್ಲಿದ್ದರೆ ತರಿಸು. ಕಾಣದ, ಕೇಳದ ಮನುಷ್ಯನಿಗೆ ಸನ್ನಿ ಹಿಡಿಯುವುದು ಬೇಗ. ಇಂದು ಯಾವ ವಾರ, ಹೊರಗೆ ಮಳೆಯೋ ಬಿಸಿಲೋ ಹೇಳುತ್ತಲೇ ಕೆಲಸ ಮಾಡು. ಟ್ಯೂಬು ಇದ್ದವರು ಉತ್ತರ ಕೊಡುವುದಿಲ್ಲ, ಕೇಳಿಸಿಕೊಳ್ಳುತ್ತಾರೆ.

ವಾರ್ಡಿಗೆ ಹೋದ ಮೇಲೆ ಅವರನ್ನು ಮರೆಯಬೇಡ. ಐಸಿಯುನಲ್ಲಿ ಗಳಿಸಿದ್ದನ್ನು ವಾರ್ಡಿನ ಮಂಚದಲ್ಲಿ ಕಳೆದುಕೊಳ್ಳುವವರು ಬಹಳ. ಡಿಸ್ಚಾರ್ಜಿನ ದಿನ ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದುಕೊಡು: ದಿನಕ್ಕೆ ಎಷ್ಟು ಸಲ ಏಳಬೇಕು, ಏನಾದರೆ ನಿಲ್ಲಿಸಬೇಕು, ಹಾಲು, ಮೊಟ್ಟೆ, ಬೇಳೆ ಎಷ್ಟು. ತಿಂಗಳುಗಟ್ಟಲೆ ಸುಸ್ತು ಇರುತ್ತದೆ, ರಾತ್ರಿ ಕೆಟ್ಟ ಕನಸು ಬೀಳುತ್ತದೆ, ಮರೆವು ಬರುತ್ತದೆ, ಇದು ಸೋಮಾರಿತನವಲ್ಲ, ಕಾಯಿಲೆಯ ಬಾಲ ಎಂದೂ ಬರೆ. ಕೆಳಗೆ ನಿಮ್ಮ ವಿಭಾಗದ ಫೋನ್ ನಂಬರು ಹಾಕು. ಕರೆ ಬಂದೇ ಬರುತ್ತದೆ, ಎತ್ತಿಕೋ.