ಹಿಡಿ ಒಪ್ಪಿದರೆ ಗುರಿ

ಹನೂರಿನಿಂದ ಕೊಳ್ಳೇಗಾಲದ ಕಾಲೇಜಿಗೆ ಬಂದು ಎನ್.ಸಿ.ಸಿ. ಸೇರಿದ ವರ್ಷ, 25 ಗಜದ ಗುರಿಗೆ ನಾನು ಹೊಡೆದ ಐದು ಗುಂಡುಗಳೂ ಐದು ದಿಕ್ಕಿಗೆ ಹೋದುವು. ಅದೇ .22 ರೈಫಲಿನಿಂದ ಯಳಂದೂರಿನ ನೀಳಕಾಯದ ಗೆಳೆಯನೊಬ್ಬ ಐದನ್ನೂ ಮೂರು ಬೆರಳಗಲದಲ್ಲಿ ಕೂಡಿಸಿದ. ಕಣ್ಣನ್ನೇ ದೂರಿ, ಹೆಸರು ತೆಗೆಸಲು ಹೊರಟಿದ್ದೆ. ತಪ್ಪು ಕಣ್ಣಿನದಲ್ಲ, ಹೆಗಲಿಗೆ ಆನಿಸುವ ಮರದ ಹಿಡಿ, ಅಂದರೆ ಸ್ಟಾಕು, ನನ್ನ ಅಳತೆಯದಲ್ಲವೆಂದು ಆಮೇಲೆ ತಿಳಿಯಿತು.

ಸ್ಟಾಕನ್ನು ಆಯುವವರು ಮೂರು ಸಂಗತಿಗಳನ್ನು ನೋಡಬೇಕು. ಮೊದಲನೆಯದು ಉದ್ದ. ಅದರ ಹಿಂತುದಿಯನ್ನು ಮೊಣಕೈಯ ಒಳಮಡಿಕೆಗೆ ಆನಿಸಿದಾಗ ತೋರುಬೆರಳು ಸಲೀಸಾಗಿ ಟ್ರಿಗರನ್ನು ಮುಟ್ಟಬೇಕು. ಇದು ಸ್ಥೂಲವಾದ ಅಳತೆ. ಮಲಗಿ ಹೊಡೆಯುವಾಗಲೂ ನಿಂತು ಹೊಡೆಯುವಾಗಲೂ ಕೊಂಚ ವ್ಯತ್ಯಾಸವುಂಟು.

ಎರಡನೆಯದು ಕೆನ್ನೆಯ ಎತ್ತರ. ಕಣ್ಣು ಮುಚ್ಚಿ, ಕೆನ್ನೆಯನ್ನು ಮರಕ್ಕೆ ಹಗುರವಾಗಿ ಒರಗಿಸಿ, ಕಣ್ಣು ತೆರೆಯಿರಿ. ದೃಷ್ಟಿ ಹಿಂದಿನ ಸೈಟಿನ ನಡುವೆ ಬಿದ್ದರೆ ಸರಿ. ಕತ್ತು ಚಾಚಬೇಕಾದರೆ ಪ್ರತಿ ಗುಂಡಿಗೂ ಕಣ್ಣಿನ ಸ್ಥಾನ ಬದಲಾಗುತ್ತದೆ.

ಮೂರನೆಯದು ಮರ. ಅಕ್ರೋಟಿನ ಮರ ಗಟ್ಟಿ, ಸುಲಭವಾಗಿ ಸೊಟ್ಟಗಾಗದು. ಚೆನ್ನಾಗಿ ಒಣಗದ ಮರ ಮಳೆಗಾಲದಲ್ಲಿ ಉಬ್ಬಿ ನಳಿಗೆಯನ್ನು ಒತ್ತಿದರೆ ಗುರಿ ಸರಿಯುತ್ತದೆ. 50 ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತ ಕೇವಲ 10.4 ಮಿಲಿಮೀಟರ್. ಆದ್ದರಿಂದಲೇ ಅಲ್ಲಿ ತಿರುಪಿನಿಂದ ಹೊಂದಿಸಬಲ್ಲ ಅಲ್ಯೂಮಿನಿಯಂ ಸ್ಟಾಕುಗಳೂ ಬಳಕೆಯಲ್ಲಿವೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆಯವರು ಕಂಚು ಗೆದ್ದದ್ದು ಈ ದೂರದ ಮೂರು ಭಂಗಿಗಳ ಸ್ಪರ್ಧೆಯಲ್ಲಿ.

ಮುಂದಿನ ಸಲ ಗಿಡ್ಡ ಹಿಡಿಯ ರೈಫಲನ್ನು ಕೇಳಿ ಪಡೆದೆ. ಗುಂಡುಗಳು ನಡುವಿಗೆ ಬೀಳಲಿಲ್ಲ, ಆದರೆ ಒಂದೆಡೆ ಕೂಡಿದುವು. ಹೆಸರು ತೆಗೆಸಲಿಲ್ಲ. ಗುದ್ದಲಿಯ ಕಾವು ಆಳಿಗೆ ಒಪ್ಪಬೇಕೆಂದು ಬಲ್ಲ ನಮ್ಮೂರಿನವನಿಗೆ ಇಷ್ಟು ಮೊದಲೇ ಹೊಳೆಯಬೇಕಿತ್ತು.