ನ್ಯಾಯಪೀಠದಲ್ಲಿ ಕುರ್ಚಿಗಳು ಎಷ್ಟಿರಬೇಕು?

ಊರಿನ ಪಂಚಾಯಿತಿ ಕಟ್ಟೆಯನ್ನು ನೆನೆಯಿರಿ. ಐದು ಮಂದಿ ಪಂಚರು ಕುಳಿತಿದ್ದಾರೆ. ಹೊಲದ ಬದುವಿನ ವ್ಯಾಜ್ಯ. ಮೂವರ ಮನಸ್ಸು ಬಡ ರೈತನ ಕಡೆ, ಇಬ್ಬರದು ಸಾಹುಕಾರನ ಕಡೆ. ಆಗ ಸಾಹುಕಾರನು ಎದ್ದು, "ಪಂಚರಿಗೆ ವಯಸ್ಸಾಯಿತು, ಕೆಲಸವೂ ಹೆಚ್ಚಿತು, ಇನ್ನಿಬ್ಬರು ಇರಲಿ" ಎಂದು ತನ್ನ ನೆಂಟರಿಬ್ಬರನ್ನು ತಂದು ಕೂರಿಸುತ್ತಾನೆ. ಯಾರನ್ನೂ ಎಬ್ಬಿಸಲಿಲ್ಲ, ಯಾರಿಗೂ ಲಂಚ ಕೊಡಲಿಲ್ಲ. ಆದರೂ ತೀರ್ಪು ತಿರುಗಿತು. ಇನ್ನು ಆ ನೆಂಟರನ್ನು ಕರೆತಂದವನು ಸಾಹುಕಾರನಲ್ಲ, ಬಡವರ ಹಿತೈಷಿಯೇ ಎಂದುಕೊಳ್ಳಿ. ಆಗ ನಾವು ಏನನ್ನುತ್ತೇವೆ? ಇಂದಿನ ಪಾಠದ ಪ್ರಶ್ನೆ ಇದೇ.

ಅಮೆರಿಕದ ಕಥೆ

ಅಮೆರಿಕದ ರಾಜ್ಯಾಂಗ 1787ರಲ್ಲಿ ರಚಿತವಾಯಿತು. ಸರ್ವೋಚ್ಚ ನ್ಯಾಯಾಲಯವೊಂದು ಇರತಕ್ಕದ್ದು ಎಂದು ಅದು ಹೇಳುತ್ತದೆ. ಅದರಲ್ಲಿ ಎಷ್ಟು ಮಂದಿ ಎಂದು ಹೇಳುವುದಿಲ್ಲ. ಆ ಲೆಕ್ಕವನ್ನು ಅಲ್ಲಿನ ಶಾಸನಸಭೆಯಾದ ಕಾಂಗ್ರೆಸ್ಸಿಗೆ ಬಿಟ್ಟಿದೆ. 1789ರ ಕಾಯಿದೆಯಂತೆ ನ್ಯಾಯಾಧೀಶರು ಆರು ಮಂದಿ. ದೇಶವು ಪಶ್ಚಿಮಕ್ಕೆ ಬೆಳೆದಂತೆ 1807ರಲ್ಲಿ ಏಳು, 1837ರಲ್ಲಿ ಒಂಬತ್ತು, 1863ರಲ್ಲಿ ಹತ್ತು. 1866ರಲ್ಲಿ ಅಧ್ಯಕ್ಷ ಆಂಡ್ರೂ ಜಾನ್ಸನ್ನರಿಗೂ ಕಾಂಗ್ರೆಸ್ಸಿಗೂ ವೈರವಿದ್ದಾಗ, ತೆರವಾದ ಸ್ಥಾನಗಳನ್ನು ತುಂಬದೆ ಸಂಖ್ಯೆಯನ್ನು ಏಳಕ್ಕೆ ಇಳಿಸಬೇಕೆಂಬ ಕಾಯಿದೆ ಬಂತು. ಅವರ ಅವಧಿ ಮುಗಿದ 1869ರಲ್ಲಿ ಮತ್ತೆ ಒಂಬತ್ತಾಯಿತು. ಅಂದಿನಿಂದ ಆ ಸಂಖ್ಯೆ ಬದಲಾಗದೆ ಉಳಿದುಬಂದಿದೆ. ಆದರೆ ಅದನ್ನು ಕಾಯುತ್ತಿರುವುದು ರಾಜ್ಯಾಂಗವಲ್ಲ, ರೂಢಿ.

ಕೋಣೆ ಗುಡಿಸುವವಳ ಕೂಲಿ

1930ರ ದಶಕದಲ್ಲಿ ಅಮೆರಿಕ ಘೋರ ಆರ್ಥಿಕ ಮುಗ್ಗಟ್ಟಿನಲ್ಲಿತ್ತು. ಅಧ್ಯಕ್ಷ ರೂಸ್‌ವೆಲ್ಟರು ತಂದ ಹಲವು ಪರಿಹಾರ ಕಾಯಿದೆಗಳನ್ನು ಸರ್ವೋಚ್ಚ ನ್ಯಾಯಾಲಯ ಹೊಡೆದುಹಾಕಿತು. 1936ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಹೆಂಗಸರ ಕನಿಷ್ಠ ಕೂಲಿ ಕಾಯಿದೆಯೂ ಐದು–ನಾಲ್ಕು ಮತಗಳಿಂದ ಬಿದ್ದುಹೋಯಿತು.

ಇದೇ ವೇಳೆಗೆ ವಾಷಿಂಗ್‌ಟನ್ ಸಂಸ್ಥಾನದ ವೆನಾಚಿ ಪಟ್ಟಣದಲ್ಲಿ ಎಲ್ಸಿ ಪ್ಯಾರಿಶ್ ಎಂಬ ಹೆಂಗಸು ಹೋಟೆಲಿನ ಕೋಣೆ ಗುಡಿಸುವ ಕೆಲಸದಲ್ಲಿದ್ದಳು. ಅಲ್ಲಿನ ಕಾಯಿದೆಯಂತೆ ವಾರಕ್ಕೆ 48 ಗಂಟೆ ದುಡಿದರೆ ಹದಿನಾಲ್ಕೂವರೆ ಡಾಲರು ಸಲ್ಲಬೇಕಾಗಿತ್ತು. ಅವಳಿಗೆ ಅಷ್ಟು ಸಿಗಲಿಲ್ಲ. ಬಾಕಿ 216 ಡಾಲರು 19 ಸೆಂಟಿಗಾಗಿ ಅವಳು ಹೂಡಿದ ದಾವೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು.

ಅದರ ತೀರ್ಪು ಹೊರಬೀಳುವ ಮೊದಲೇ, 1937ರ ಫೆಬ್ರವರಿ 5ರಂದು ರೂಸ್‌ವೆಲ್ಟರು ಒಂದು ಯೋಜನೆ ಮುಂದಿಟ್ಟರು. ಎಪ್ಪತ್ತು ದಾಟಿಯೂ ನಿವೃತ್ತರಾಗದ ಪ್ರತಿಯೊಬ್ಬ ನ್ಯಾಯಾಧೀಶರಿಗೆ ಒಬ್ಬರಂತೆ, ಹೆಚ್ಚೆಂದರೆ ಆರು ಮಂದಿ ಹೊಸಬರನ್ನು ನೇಮಿಸಬಹುದು. ಒಂಬತ್ತು ಹದಿನೈದಾಗಬಹುದು. ಹಿಂದಿನ ಚುನಾವಣೆಯಲ್ಲಿ 48 ಸಂಸ್ಥಾನಗಳ ಪೈಕಿ 46ನ್ನು ಗೆದ್ದಿದ್ದ ಅಧ್ಯಕ್ಷರ ಮಾತು ಅದು. ಆದರೆ ಅವರ ಪಕ್ಷದವರೇ ಒಪ್ಪಲಿಲ್ಲ. ಜುಲೈ 22ರಂದು ಸೆನೆಟ್ ಸಭೆ 70–20 ಮತಗಳಿಂದ ಮಸೂದೆಯನ್ನು ಸಮಿತಿಗೆ ಹಿಂದಿರುಗಿಸಿ ಹೂತುಬಿಟ್ಟಿತು.

ಇಷ್ಟರೊಳಗೆ ಮಾರ್ಚ್ 29ರಂದು ಎಲ್ಸಿ ಪ್ಯಾರಿಶ್ ಗೆದ್ದಿದ್ದಳು, ಐದು–ನಾಲ್ಕರಿಂದ. ಹಿಂದಿನ ವರ್ಷ ಎದುರಿಗಿದ್ದ ನ್ಯಾಯಾಧೀಶ ರಾಬರ್ಟ್ಸರು ಈ ಸಲ ಕಾಯಿದೆಯ ಪರ ನಿಂತರು. ಯೋಜನೆಗೆ ಹೆದರಿ ತಿರುಗಿದರೆಂದು ಜನ ಆಡಿಕೊಂಡರು. ಆದರೆ ಅವರು ಒಳಗೆ ಮತ ಕೊಟ್ಟದ್ದು ಹಿಂದಿನ ಡಿಸೆಂಬರಿನಲ್ಲೇ, ಯೋಜನೆ ಹೊರಬರುವ ಮೊದಲೇ. ಮುಂದೆ ತಾನಾಗಿ ತೆರವಾದ ಸ್ಥಾನಗಳಿಗೆ ರೂಸ್‌ವೆಲ್ಟರು ಎಂಟು ಮಂದಿ ಹೊಸಬರನ್ನು ನೇಮಿಸಿದರು. ಹೊಸ ಕುರ್ಚಿ ಒಂದೂ ಬೇಕಾಗಲಿಲ್ಲ.

ಸಂಖ್ಯೆಯನ್ನು ರಾಜ್ಯಾಂಗದಲ್ಲೇ ಬರೆದರೆ?

ಕೂಲಿಯನ್ನೇ ನಂಬಿ ಪರಸ್ಥಳದಲ್ಲಿ ಬಾಳುವ ನಮಗೆ ಎಲ್ಸಿ ಪ್ಯಾರಿಶಳ ಕಡೆಗೇ ಮನಸ್ಸು ವಾಲುವುದು ಸಹಜ. ಅವಳಿಗೆ ನ್ಯಾಯ ಸಿಗುವುದಾದರೆ ಆರು ಕುರ್ಚಿ ಸೇರಿಸಿದರೆ ತಪ್ಪೇನು? ತಪ್ಪು ಇಷ್ಟೇ: ಇಂದು ಒಳ್ಳೆಯವನು ತೆರೆದ ಬಾಗಿಲು ನಾಳೆ ಬರುವವನಿಗೂ ತೆರೆದೇ ಇರುತ್ತದೆ. ಆತ ಇನ್ನಾರು ಮಂದಿಯನ್ನು ಕೂರಿಸಿ ಅದೇ ಕೂಲಿ ಕಾಯಿದೆಯನ್ನು ಹೊಡೆಯಬಹುದು.

ಆದ್ದರಿಂದಲೇ ಸಂಖ್ಯೆಯನ್ನು ರಾಜ್ಯಾಂಗದಲ್ಲೇ ನಿಗದಿಮಾಡಬೇಕೆಂಬ ವಾದ ಹುಟ್ಟಿತು. 1954ರಲ್ಲಿ ಸೆನೆಟ್ ಸಭೆ ಒಂಬತ್ತೆಂದು ನಿಲ್ಲಿಸುವ ತಿದ್ದುಪಡಿಯನ್ನು 58–19 ಮತಗಳಿಂದ ಒಪ್ಪಿತು. ಕೆಳಮನೆಯಲ್ಲಿ ಅದು ಮುಂದುವರಿಯಲಿಲ್ಲ. 2021ರಲ್ಲಿ ಹದಿಮೂರಕ್ಕೆ ಏರಿಸುವ ಮಸೂದೆಯೊಂದು ಮಂಡನೆಯಾಯಿತು, ಕಾಯಿದೆಯಾಗಲಿಲ್ಲ. ಅಲ್ಲಿ ತಿದ್ದುಪಡಿ ಸುಲಭವಲ್ಲ: ಎರಡೂ ಸಭೆಗಳಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು, ಆಮೇಲೆ 50 ಸಂಸ್ಥಾನಗಳಲ್ಲಿ 38ರ ಒಪ್ಪಿಗೆ ಬೇಕು. ಈ ಕಷ್ಟವೇ ಅದರ ಬಲ. ಒಂದು ಪಕ್ಷದ ಆತುರಕ್ಕೆ ಅದು ಬಗ್ಗುವುದಿಲ್ಲ. ಅದೇ ಅದರ ದೋಷವೂ ಹೌದು. ಕೆಲಸ ನಿಜಕ್ಕೂ ಹೆಚ್ಚಿದಾಗಲೂ ಸಂಖ್ಯೆ ಅಲುಗುವುದಿಲ್ಲ.

ನಮ್ಮ ದೇಶದ ಮಾರ್ಗ

ನಮ್ಮ ರಾಜ್ಯಾಂಗದ 124ನೆಯ ಅನುಚ್ಛೇದ ನಡುದಾರಿ ಹಿಡಿದಿದೆ. ಮುಖ್ಯ ನ್ಯಾಯಾಧೀಶರಲ್ಲದೆ ಏಳಕ್ಕೆ ಮೀರದಷ್ಟು ಮಂದಿ. ಅದಕ್ಕಿಂತ ದೊಡ್ಡ ಸಂಖ್ಯೆಯನ್ನು ಸಂಸತ್ತು ಕಾಯಿದೆಯಿಂದ ಗೊತ್ತುಮಾಡಬಹುದು. ಅದರಂತೆ ಮುಖ್ಯ ನ್ಯಾಯಾಧೀಶರನ್ನು ಬಿಟ್ಟು 1956ರಲ್ಲಿ ಹತ್ತು, 1960ರಲ್ಲಿ ಹದಿಮೂರು, 1986ರಲ್ಲಿ 25, 2019ರಲ್ಲಿ 33 ಆಯಿತು. ದಾವೆಗಳ ರಾಶಿಯೇ ಇದಕ್ಕೆ ಕಾರಣ.

ಒಂದು ವ್ಯತ್ಯಾಸ ಗಮನಿಸಿ. ಅಮೆರಿಕದಲ್ಲಿ ಒಂಬತ್ತು ಮಂದಿಯೂ ಒಟ್ಟಿಗೆ ಕುಳಿತು ತೀರ್ಪು ಕೊಡುತ್ತಾರೆ. ಒಂದು ಕುರ್ಚಿ ಹೆಚ್ಚಿದರೂ ತಕ್ಕಡಿ ತೂಗುತ್ತದೆ. ನಮ್ಮಲ್ಲಿ ಇಬ್ಬರು, ಮೂವರು ಕೂಡಿದ ಪೀಠಗಳು ಬೇರೆಬೇರೆ ಕುಳಿತು ವಿಚಾರಿಸುತ್ತವೆ. ರಾಜ್ಯಾಂಗದ ಅರ್ಥವನ್ನು ಕುರಿತ ಮಹತ್ವದ ಪ್ರಶ್ನೆಗೆ ಕಡಮೆಯೆಂದರೆ ಐವರು ಕೂರಬೇಕು. ಹಾಗಾಗಿ ಅವರ ಔಷಧ ನಮಗೆ ಹಾಗೆಯೇ ಒಗ್ಗದು.

ಸಂಖ್ಯೆ ಎಷ್ಟೇ ಇರಲಿ, ಒಂದು ಅಳತೆಗೋಲು ಎಲ್ಲ ದೇಶಕ್ಕೂ ಸಲ್ಲುತ್ತದೆ: ಕುರ್ಚಿ ಹಾಕುವುದು ಕಾದು ನಿಂತಿರುವ ಕಕ್ಷಿಗಾರನಿಗಾಗಿಯೋ, ಬೇಕಾದ ತೀರ್ಪಿಗಾಗಿಯೋ?

ಚರ್ಚೆಗೆ ಪ್ರಶ್ನೆಗಳು

1. 1866ರಲ್ಲಿ ಸಂಖ್ಯೆ ಇಳಿಸಿದ್ದಕ್ಕೂ 1937ರಲ್ಲಿ ಏರಿಸಹೊರಟಿದ್ದಕ್ಕೂ ಹೋಲಿಕೆಯೇನು?
2. ನೀವು 1937ರಲ್ಲಿ ಅಮೆರಿಕದ ಕಾರ್ಮಿಕರಾಗಿದ್ದರೆ ಯಾವ ಪಕ್ಷ ವಹಿಸುತ್ತಿದ್ದಿರಿ? ಏಕೆ?
3. ನಮ್ಮಲ್ಲಿ ಸಂಖ್ಯೆಯನ್ನು ಗೊತ್ತುಮಾಡುವ ಅಧಿಕಾರ ಸಂಸತ್ತಿಗೆ ಇರುವುದು ಲೇಸೇ, ರಾಜ್ಯಾಂಗದಲ್ಲೇ ಬಿಗಿಯುವುದು ಲೇಸೇ?